ಕಿತ್ತುಹಾಕು, ಎಬ್ಬಿಸು, ತೇಪೆ ಹಚ್ಚು: ಇಂಗ್ಲಿಷಿನ ಫ್ರೇಸಲ್ ವರ್ಬ್ ಅರ್ಥ ಮಾಡ್ಕೊಳ್ಳೋದು ಹೇಗೆ

ಹೋದ ತಿಂಗಳು ನನ್ನ ತಂಗಿ ಮಗಳು ಇಂಗ್ಲೆಂಡಿಂದ ಒಂದು ಮೆಸೇಜ್ ಫಾರ್ವರ್ಡ್ ಮಾಡಿದ್ಲು. ಅಲ್ಲಿ ಎಂಎಸ್ಸಿ ಓದ್ತಿದ್ದಾಳೆ, ಬಾಡಿಗೆ ಮನೇಲಿ ಇದ್ದಾಳೆ, ಮನೆ ಓನರ್ ಕಳಿಸಿದ್ದ ಮೆಸೇಜ್ ಅದು. "ವಿ ಆರ್ ಡೂಯಿಂಗ್ ಅಪ್ ದ ಬಾತ್‌ರೂಮ್. ದೇ ವಿಲ್ ರಿಪ್ ಔಟ್ ದ ಓಲ್ಡ್ ಟಬ್, ನಾಕ್ ಥ್ರೂ ಟು ದ ಸ್ಟೋರ್‌ರೂಮ್ ಅಂಡ್ ಪುಟ್ ಇನ್ ಎ ಶವರ್." ಅದರ ಕೆಳಗೆ ಇವಳ ಪ್ರಶ್ನೆ: "ದೊಡ್ಡಮ್ಮ, ಒಂದೊಂದು ಪದಾನೂ ಗೊತ್ತು, ಒಟ್ಟಿಗೆ ಏನ್ ಹೇಳ್ತಿದ್ದಾರೆ ಅಂತ ಮಾತ್ರ ಗೊತ್ತಾಗ್ತಿಲ್ಲ. ನಾನು ಮನೆ ಖಾಲಿ ಮಾಡ್ಬೇಕಾ?"

ಖಾಲಿ ಮಾಡೋದೇನೂ ಬೇಕಿರ್ಲಿಲ್ಲ. ಬಾತ್‌ರೂಮ್ ಹೊಸದಾಗಿ ಮಾಡಿಸ್ತಿದ್ದಾರೆ, ಹಳೇ ಟಬ್ಬು ಕಿತ್ತುಹಾಕ್ತಾರೆ, ಸ್ಟೋರ್‌ರೂಮಿಗೂ ಇದಕ್ಕೂ ಮಧ್ಯ ಇರೋ ಗೋಡೆ ಒಡೆದು ಎರಡನ್ನೂ ಒಂದು ಮಾಡ್ತಾರೆ, ಶವರ್ ಕೂರಿಸ್ತಾರೆ, ಅಷ್ಟೇ. ಈ ಹುಡುಗಿಗೆ ಇಂಗ್ಲಿಷ್ ಬರಲ್ಲ ಅಂತಲ್ಲ, ಒಂದನೇ ಕ್ಲಾಸಿಂದ ಇಂಗ್ಲಿಷ್ ಮೀಡಿಯಂ, ಓನರ್ ‘ರೆನೊವೇಟ್’, ‘ರಿಮೂವ್’, ‘ಇನ್‌ಸ್ಟಾಲ್’ ಅಂತ ಬರೆದಿದ್ರೆ ಒಂದೇ ಓದಿಗೆ ತಿಳ್ಕೊಳ್ತಿದ್ಲು. ನಾನು ಹೈಸ್ಕೂಲಲ್ಲಿ ಇಂಗ್ಲಿಷ್ ಪಾಠ ಮಾಡೋಳು, ಅದಕ್ಕೇ ನನಗೆ ಬೇಜಾರಾಯ್ತು, ಯಾಕಂದ್ರೆ ನಾವು ಮಕ್ಕಳಿಗೆ ಪುಸ್ತಕದ ದೊಡ್ಡ ಪದಗಳನ್ನ ಕಲಿಸ್ತೀವಿ, ಆ ದೇಶದ ಜನ ಮನೆಯೊಳಗೆ, ಗಾರೆ ಕೆಲಸದ ಜಾಗದಲ್ಲಿ ಆಡೋ ಪುಟ್ಟ ಪದಗಳನ್ನ ಬಿಟ್ಟುಬಿಡ್ತೀವಿ. ಓದೋಕೆ ಕೆಲಸಕ್ಕೆ ಅಂತ ಹೊರದೇಶಕ್ಕೆ ಹೋದೋರಿಗೆ ಮಾತ್ರ ಅಲ್ಲ, ಇಲ್ಲೇ ಕೂತು ಯೂಟ್ಯೂಬ್ ನೋಡ್ಕೊಂಡು ನಲ್ಲಿ ಬಿಚ್ಚಿ ಸರಿ ಮಾಡೋರಿಗೂ ಇದು ಬೇಕಾಗತ್ತೆ. ಹಾಗಾಗಿ ಅವಳಿಗೆ ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಇಲ್ಲಿ ಬರೀತಿದ್ದೀನಿ. ಕಟ್ಟೋದು, ರಿಪೇರಿ ಮಾಡೋದು, ಬದಲಾಯಿಸೋದು, ಈ ಮೂರಕ್ಕೆ ಸೇರಿದ ಮಾತುಗಳನ್ನಷ್ಟೇ ತಗೊಂಡಿದ್ದೀನಿ, ಯಾಕಂದ್ರೆ ಕಣ್ಣಿಗೆ ಕಾಣೋ ಕೆಲಸ ಆದ್ರಿಂದ ಇಲ್ಲಿ ಅರ್ಥ ಬೇಗ ಸಿಗತ್ತೆ.

ಫ್ರೇಸಲ್ ವರ್ಬ್ ಅಂದ್ರೆ ಏನು

ಒಂದು ಸಾದಾ ಕ್ರಿಯಾಪದ, ಅದರ ಪಕ್ಕ ಒಂದು ಪುಟ್ಟ ಪದ, ಎರಡೂ ಸೇರಿ ಒಂದೇ ಅರ್ಥ. ಕ್ರಿಯಾಪದಗಳು ಸಾಮಾನ್ಯವಾಗಿ ತುಂಬಾ ಹಳೇ, ತುಂಬಾ ಚಿಕ್ಕ ಪದಗಳು: ಪುಟ್, ಪುಲ್, ಟೇಕ್, ಡು, ಸೆಟ್, ಬ್ರೇಕ್, ನಾಕ್. ಪುಟ್ಟ ಪದಗಳು ದಿಕ್ಕನ್ನ ಹೇಳೋವು: ಅಪ್, ಡೌನ್, ಇನ್, ಔಟ್, ಆಫ್, ಆನ್, ಓವರ್, ಥ್ರೂ. ‘ಪುಟ್’ ಅಂದ್ರೆ ಇಡು, ‘ಅಪ್’ ಅಂದ್ರೆ ಮೇಲೆ, ಆದ್ರೆ ‘ಪುಟ್ ಅಪ್ ಎ ಶೆಡ್’ ಅಂದ್ರೆ ಶೆಡ್ಡನ್ನ ಎತ್ತಿ ಅಟ್ಟದ ಮೇಲೆ ಇಡೋದಲ್ಲ, ಶೆಡ್ ಹಾಕೋದು, ನಿಲ್ಲಿಸೋದು.

ಇದು ಬೇರೆ ಭಾಷೆಯೋರಿಗೆ ಕಷ್ಟ ಅನ್ನೋದು ಇಂಗ್ಲಿಷರಿಗೇ ಮೊದಲಿಂದ ಗೊತ್ತು. 1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ತಮ್ಮ ಇಂಗ್ಲಿಷ್ ನಿಘಂಟಿನ ಮುನ್ನುಡೀಲೇ ಇದನ್ನ ಬರೆದಿದ್ದಾರೆ, ಕ್ರಿಯಾಪದದ ಕೊನೆಗೆ ಹೀಗೆ ಪುಟ್ಟ ಪದ ಸೇರಿಸಿ ಅರ್ಥ ಬದಲಾಯಿಸೋದು ಪರದೇಶದೋರಿಗೆ ಅತಿ ಹೆಚ್ಚು ತೊಡಕು ಕೊಡೋ ವಿಷಯ ಅಂತ. ‘ಫ್ರೇಸಲ್ ವರ್ಬ್’ ಅನ್ನೋ ಹೆಸರು ಮಾತ್ರ ತಡವಾಗಿ ಬಂತು, 1925ರಲ್ಲಿ ಲೋಗನ್ ಪಿಯರ್ಸಲ್ ಸ್ಮಿತ್ ಅನ್ನೋ ಲೇಖಕರು ಅದನ್ನ ಬಳಸಿದ್ರು, ಹೆಸರು ಸೂಚಿಸಿದ್ದು ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕರಾಗಿದ್ದ ಹೆನ್ರಿ ಬ್ರಾಡ್ಲಿ ಅಂತ ಸ್ಮಿತ್ ಅವರೇ ಹೇಳಿದ್ದಾರೆ.

ನಮ್ಮ ‘ಹಾಕು’, ‘ಹೋಗು’ ಮಾಡೋ ಕೆಲಸ

ಕ್ಲಾಸಲ್ಲಿ ನಾನು ಮೊದಲು ಕನ್ನಡದಿಂದಲೇ ಶುರು ಮಾಡೋದು. ‘ಮೊಳೆ ಕಿತ್ತುಹಾಕು’ ಅಂತೀವಿ. ಇಲ್ಲಿ ‘ಹಾಕು’ ಏನು ಮಾಡ್ತಿದೆ? ಏನನ್ನೂ ಎಲ್ಲಿಗೂ ಹಾಕ್ತಿಲ್ಲ. ‘ಮೋಟರ್ ಕೆಟ್ಟುಹೋಯ್ತು’ ಅಂತೀವಿ, ಮೋಟರ್ ಎಲ್ಲಿಗೂ ಹೋಗಿಲ್ಲ, ಬಾವಿ ಪಕ್ಕದಲ್ಲೇ ಇದೆ. ‘ಗೋಡೆ ಕುಸಿದುಬಿತ್ತು’, ‘ಬಾಗಿಲು ಮುಚ್ಚಿಬಿಡು’, ‘ಅಚ್ಚುಕಟ್ಟಾಗಿ ಜೋಡಿಸಿಡು’. ಮುಂದಿನ ಕ್ರಿಯಾಪದ ತನ್ನ ಸ್ವಂತ ಅರ್ಥ ಕಳ್ಕೊಂಡು ಹಿಂದಿನದಕ್ಕೆ ಒಂದು ಬಣ್ಣ ಕೊಡತ್ತೆ: ಕೆಲಸ ಪೂರ್ತಿ ಆಯ್ತು, ವಾಪಸ್ ಬರೋ ಹಾಗಿಲ್ಲ, ಹಾಗೇ ಉಳಿಯೋ ಹಾಗೆ ಮಾಡು, ಹೀಗೆ. ಇದನ್ನ ನಮಗೆ ಯಾರೂ ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸಿಲ್ಲ, ಕೇಳಿ ಕೇಳಿ ಬಂದಿದೆ.

ಇಂಗ್ಲಿಷಲ್ಲಿ ಆ ಜಾಗದಲ್ಲಿ ಎರಡನೇ ಕ್ರಿಯಾಪದ ಇಲ್ಲ, ದಿಕ್ಕಿನ ಪದ ಇದೆ, ವ್ಯತ್ಯಾಸ ಅದು. ಅದನ್ನ ಬಿಟ್ರೆ ಕೆಲಸ ಹೆಚ್ಚುಕಮ್ಮಿ ಒಂದೇ. ‘ರಿಪ್ ಔಟ್’ ಅಂದ್ರೆ ಕಿತ್ತುಹಾಕು. ‘ವೇರ್ ಔಟ್’ ಅಂದ್ರೆ ಸವೆದುಹೋಗು. ‘ಕಮ್ ಆಫ್’ ಅಂದ್ರೆ ಕಳಚಿಬರು, ಬಾಗಿಲಿನ ಹಿಡಿ ಕೈಗೇ ಬರತ್ತಲ್ಲ, ಅದು. ‘ಕೇವ್ ಇನ್’ ಅಂದ್ರೆ ಕುಸಿದುಬೀಳು. ‘ಕವರ್ ಅಪ್’ ಅಂದ್ರೆ ಮುಚ್ಚಿಹಾಕು, ಅದೂ ಕನ್ನಡದ ಹಾಗೇ ಗುಂಡಿಗೂ ಆಗತ್ತೆ, ಹಗರಣಕ್ಕೂ ಆಗತ್ತೆ. ಹಾಗಾಗಿ ‘ಔಟ್ ಅಂದ್ರೆ ಹೊರಗೆ’ ಅಂತ ಅಲ್ಲೇ ನಿಂತುಕೊಂಡ್ರೆ ಅರ್ಥ ಸಿಗಲ್ಲ, ನಮ್ಮ ‘ಹೋಗು’ ‘ಹಾಕು’ ಥರ ಇದು ಇಲ್ಲಿ ಯಾವ ಬಣ್ಣ ಕೊಡ್ತಿದೆ ಅಂತ ಕೇಳ್ಕೋಬೇಕು.

‘ಡೆಮಾಲಿಶ್’ ಇದ್ದೂ ‘ಪುಲ್ ಡೌನ್’ ಯಾಕೆ

1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಆಳೋರ ಭಾಷೆ ಫ್ರೆಂಚ್ ಆಯ್ತು, ಓದು ಬರಹ ಚರ್ಚು ಎಲ್ಲ ಲ್ಯಾಟಿನ್. ಆ ಕಡೆಯಿಂದ ಶತಮಾನಗಳ ಉದ್ದಕ್ಕೂ ಸಾವಿರಾರು ಪದ ಬಂದ್ವು: ಡೆಮಾಲಿಶ್, ರಿಪೇರ್, ರೆನೊವೇಟ್, ಕನ್‌ಸ್ಟ್ರಕ್ಟ್, ಅಸೆಂಬಲ್, ಕನ್ವರ್ಟ್. ಊರಿನ ಜನರ ಬಾಯಲ್ಲಿ ಮಾತ್ರ ಹಳೇ ಪದಗಳು ಹಾಗೇ ಉಳಿದ್ವು. ಹಾಗಾಗಿ ಇವತ್ತಿಗೂ ಒಂದೇ ಕೆಲಸಕ್ಕೆ ಎರಡು ಪದ ಇದೆ. ‘ಡೆಮಾಲಿಶ್’ ಪಕ್ಕ ‘ಪುಲ್ ಡೌನ್’, ‘ಅಸೆಂಬಲ್’ ಪಕ್ಕ ‘ಪುಟ್ ಟುಗೆದರ್’, ‘ಡಿಸ್‌ಮ್ಯಾಂಟಲ್’ ಪಕ್ಕ ‘ಟೇಕ್ ಅಪಾರ್ಟ್’, ‘ರೆನೊವೇಟ್’ ಪಕ್ಕ ‘ಡು ಅಪ್’, ‘ಕನ್ವರ್ಟ್’ ಪಕ್ಕ ‘ಟರ್ನ್ ಇನ್‌ಟು’.

ನಮ್ಮಲ್ಲೂ ಇದೇ ಇದೆಯಲ್ಲ, ‘ಮನೆ ಕಟ್ಟಿದ್ವಿ’ ಅಂತ ಆಡ್ತೀವಿ, ‘ಗೃಹ ನಿರ್ಮಾಣ’ ಅಂತ ಅರ್ಜೀಲಿ ಬರೀತೀವಿ. ‘ಕೆಡವಿದ್ರು’ ಅಂತ ಹೇಳ್ತೀವಿ, ‘ತೆರವುಗೊಳಿಸಲಾಯಿತು’ ಅಂತ ಪೇಪರಲ್ಲಿ ಓದ್ತೀವಿ. ಕನ್ನಡ ಹೊಸದಾಗಿ ಕಲಿತೋರು ಯಾರಾದ್ರೂ ಬಂದು ‘ನಾನು ಗೃಹವನ್ನು ನಿರ್ಮಿಸುತ್ತಿದ್ದೇನೆ’ ಅಂದ್ರೆ ತಪ್ಪೇನಿಲ್ಲ, ಆದ್ರೆ ಪುಸ್ತಕ ಮಾತಾಡಿದ ಹಾಗೆ ಕೇಳತ್ತೆ. ಪಕ್ಕದ ಮನೆಯೋರ ಹತ್ರ ನಿಂತು ‘ಐ ಆ್ಯಮ್ ಡೆಮಾಲಿಶಿಂಗ್ ಮೈ ಶೆಡ್’ ಅಂದ್ರೆ ಅವರಿಗೂ ಹಾಗೇ ಕೇಳತ್ತೆ. ಕಾಂಟ್ರಾಕ್ಟ್ ಪತ್ರದಲ್ಲಿ, ಇಂಜಿನಿಯರ್ ರಿಪೋರ್ಟಲ್ಲಿ ದೊಡ್ಡ ಪದಾನೇ ಸರಿ, ಅಲ್ಲಿ ಅದನ್ನೇ ಬರೀರಿ.

ಅಪ್ ಮತ್ತು ಡೌನ್

ಎಲ್ಲದಕ್ಕಿಂತ ಹೆಚ್ಚು ಓಡಾಡೋ ಪುಟ್ಟ ಪದ ‘ಅಪ್’, ಎಲ್ಲದಕ್ಕಿಂತ ಹೆಚ್ಚು ಗೊಂದಲ ಕೊಡೋದೂ ಅದೇ, ಅದಕ್ಕೇ ಇದರ ಹತ್ರ ಸ್ವಲ್ಪ ಹೊತ್ತು ಕೂತ್ಕೊಳ್ಳೋಣ.

ಮೊದಲನೇ ಅರ್ಥ ನೇರವಾದದ್ದು, ನೆಲದಿಂದ ಮೇಲಕ್ಕೆ ಏಳೋದು. ಬೇಲಿ, ಟೆಂಟು, ಗೋಡೆ, ಶೆಲ್ಫು ಎಲ್ಲಕ್ಕೂ ‘ಪುಟ್ ಅಪ್’. ನಮ್ಮ ಗಾರೆಯೋರು ‘ಗೋಡೆ ಎಬ್ಬಿಸ್ತೀವಿ’ ಅಂತಾರಲ್ಲ, ಅದೇ ನೋಟ. ‘ಪ್ರಾಪ್ ಅಪ್’ ಅಂದ್ರೆ ಬೀಳೋ ಹಾಗಿರೋದಕ್ಕೆ ಕೆಳಗಿಂದ ಆಸರೆ ಕೊಡೋದು. ‘ಶೋರ್ ಅಪ್’ ಕೂಡ ಅದೇ, ‘ಶೋರ್’ ಅಂದ್ರೆ ಇಲ್ಲಿ ಸಮುದ್ರ ತೀರ ಅಲ್ಲ, ಗೋಡೆಗೋ ಹಡಗಿಗೋ ಓರೆಯಾಗಿ ಕೊಡೋ ಮರದ ಊರುಗೋಲು.

ಎರಡನೇ ಅರ್ಥ, ಕೆಟ್ಟಿದ್ದು ಹಳತಾದದ್ದು ಒಳ್ಳೇ ಸ್ಥಿತಿಗೆ ಬರೋದು. ‘ಡು ಅಪ್’ ಬ್ರಿಟನ್ನಿನ ಮಾತು, ಹಳೇ ಮನೆಗೆ ಬಣ್ಣ ಬಳಿದು, ನೆಲ ಬದಲಾಯಿಸಿ, ಹೊಸದರ ಹಾಗೆ ಮಾಡೋದು. ಅಮೆರಿಕದಲ್ಲಿ ‘ಫಿಕ್ಸ್ ಅಪ್’ ಜಾಸ್ತಿ, ಅಲ್ಲಿ ರಿಪೇರಿ ಬೇಕಿರೋ ಅಗ್ಗದ ಮನೆಗೆ ‘ಫಿಕ್ಸರ್ ಅಪ್ಪರ್’ ಅಂತಲೇ ಹೆಸರು. ‘ಪ್ಯಾಚ್ ಅಪ್’ ಅಂದ್ರೆ ಪೂರ್ತಿ ರಿಪೇರಿ ಅಲ್ಲ, ಸದ್ಯಕ್ಕೆ ತೇಪೆ ಹಚ್ಚೋದು. ‘ಟಚ್ ಅಪ್’ ಇನ್ನೂ ಚಿಕ್ಕದು, ಬಣ್ಣ ಹೋದ ಕಡೆ ಒಂದು ಬ್ರಶ್ ಆಡಿಸೋದು. ಈ ನಾಲ್ಕನ್ನ ಕೆಲಸದ ಅಳತೆ ಪ್ರಕಾರ ನೆನಪಿಟ್ಕೊಂಡ್ರೆ ಮನೆ ಓನರ್ ಎಷ್ಟು ಖರ್ಚು ಮಾಡೋಕೆ ಹೊರಟಿದ್ದಾರೆ ಅಂತಲೂ ಗೊತ್ತಾಗತ್ತೆ.

ಮೂರನೇದು ಬಂದ್ ಆಗೋದು. ‘ಬ್ರಿಕ್ ಅಪ್ ದ ವಿಂಡೋ’ ಅಂದ್ರೆ ಕಿಟಕಿ ಜಾಗಕ್ಕೆ ಇಟ್ಟಿಗೆ ಇಟ್ಟು ಮುಚ್ಚೋದು, ‘ಬೋರ್ಡ್ ಅಪ್’ ಅಂದ್ರೆ ಹಲಗೆ ಹೊಡೆದು ಮುಚ್ಚೋದು. ಎಂಜಿನ್ ಜಾಮ್ ಆಗಿ ನಿಂತ್ರೆ ‘ಸೀಜ್ ಅಪ್’. ಇಲ್ಲಿ ಮೇಲೆ ಅನ್ನೋ ಅರ್ಥ ಹುಡುಕಬೇಡಿ, ಇನ್ನು ಜಾಗ ಇಲ್ಲ, ಸಂದಿ ಇಲ್ಲ, ಪೂರ್ತಿ ಆಯ್ತು ಅನ್ನೋದು ಅದರ ಬಣ್ಣ.

‘ಡೌನ್’ ಅಷ್ಟು ಕಷ್ಟ ಅಲ್ಲ. ನಿಂತಿರೋದು ನೆಲಕ್ಕೆ ಬಂತು: ಪುಲ್ ಡೌನ್, ನಾಕ್ ಡೌನ್, ಟೇರ್ ಡೌನ್. ಓಡ್ತಿದ್ದದ್ದು ನಿಂತುಹೋಯ್ತು: ಬ್ರೇಕ್ ಡೌನ್. ಮೂರನೇದೊಂದು ಇದೆ, ಅದನ್ನ ಬಡಗಿ ಕೆಲಸದ ವಿಡಿಯೋಗಳಲ್ಲಿ ದಿನಾ ಕೇಳ್ತೀರಿ, ‘ಸ್ಯಾಂಡ್ ಡೌನ್’, ಅಂದ್ರೆ ಮರಳು ಕಾಗದ ಹಾಕಿ ಉಜ್ಜಿ ಮೇಲ್ಮೈಯನ್ನ ತಗ್ಗಿಸೋದು, ನಯ ಮಾಡೋದು. ‘ಬೋಲ್ಟ್ ಡೌನ್’, ‘ಸ್ಕ್ರೂ ಡೌನ್’ ಅಂದ್ರೆ ಅಲುಗಾಡದ ಹಾಗೆ ಬಿಗಿಯೋದು.

ಈಗ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ‘ಬ್ರೇಕ್ ಡೌನ್’ ಅಂದ್ರೆ ಕೆಟ್ಟು ನಿಲ್ಲೋದು, ‘ಬ್ರೇಕ್ ಅಪ್ ದ ಕಾಂಕ್ರೀಟ್’ ಅಂದ್ರೆ ಕಾಂಕ್ರೀಟನ್ನ ಚೂರು ಚೂರು ಮಾಡೋದು. ಕಟ್ಟಡ ಕೆಡವಿದ್ರೆ ‘ಟೇರ್ ಡೌನ್’, ರಸ್ತೆ ಅಗೆದುಹಾಕಿದ್ರೆ ‘ಟೇರ್ ಅಪ್’, ಯಾಕಂದ್ರೆ ಕಟ್ಟಡ ಬೀಳೋದು ಕೆಳಕ್ಕೆ, ರಸ್ತೆಯ ಟಾರು ಕಿತ್ತು ಬರೋದು ಮೇಲಕ್ಕೆ. ಮನೆ ಸುಟ್ಟು ನೆಲಸಮ ಆದ್ರೆ ‘ಬರ್ನ್ ಡೌನ್’, ಮೋಟರ್ ಕಾಯಿಲ್ ಸುಟ್ಟುಹೋದ್ರೆ ‘ಬರ್ನ್ ಔಟ್’. ಬಾಯಿಪಾಠಕ್ಕೆ ಸಿಗದೆ ಇದ್ದದ್ದು ಹೀಗೆ ಕಣ್ಣ ಮುಂದೆ ತಂದ್ಕೊಂಡ್ರೆ ಸಿಗತ್ತೆ.

ಮಿಕ್ಕ ಪುಟ್ಟ ಪದಗಳು

‘ಆಫ್’ ಬೇರೆ ಮಾಡತ್ತೆ: ‘ಸಾ ಆಫ್’ ಗರಗಸದಿಂದ ಕೊಯ್ದು ತೆಗೆಯೋದು, ‘ಕಟ್ ಆಫ್’ ನೀರು ಕರೆಂಟು ನಿಲ್ಲಿಸೋದು. ‘ಆನ್’ ಅದರ ಎದುರು, ಇರೋದಕ್ಕೆ ಸೇರಿಸತ್ತೆ, ಹಿಂದುಗಡೆ ಒಂದು ರೂಮು ಸೇರಿಸಿ ಕಟ್ಟಿದ್ರೆ ‘ಬಿಲ್ಡ್ ಆನ್’. ‘ಇನ್’ ಒಳಗೆ ಕೂರಿಸತ್ತೆ, ಕಿಟಕಿ ಶವರ್ ವೈರಿಂಗ್ ಎಲ್ಲ ‘ಪುಟ್ ಇನ್’, ಬಿರುಕು ಗುಂಡಿ ತುಂಬೋದು ‘ಫಿಲ್ ಇನ್’. ‘ಅವೇ’ ನಿಧಾನವಾಗಿ ಇಲ್ಲವಾಗೋದು, ಮರ ಕೊಳೆತು ಕೊಳೆತು ಹೋದ್ರೆ ‘ರಾಟ್ ಅವೇ’.

‘ಓವರ್’ಗೆ ಎರಡು ಮುಖ. ಒಂದು ಮೇಲಿಂದ ಮುಚ್ಚೋದು, ಹಳೇ ಬಣ್ಣ ಕೆರೆಯದೆ ಅದರ ಮೇಲೇ ಬಳಿದ್ರೆ ‘ಪೇಂಟ್ ಓವರ್’. ಇನ್ನೊಂದು ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟೋದು: ‘ಸ್ವಿಚ್ ಓವರ್’, ‘ಚೇಂಜ್ ಓವರ್’, ‘ಹ್ಯಾಂಡ್ ಓವರ್’. ಅಮೆರಿಕದೋರು ಅದೇ ಕೆಲಸ ಮತ್ತೆ ಮಾಡೋದಕ್ಕೂ ‘ಡು ಓವರ್’ ಅಂತಾರೆ. ಇನ್ನು ‘ನಾಕ್ ಥ್ರೂ’, ನನ್ನ ತಂಗಿ ಮಗಳನ್ನ ಹೆದರಿಸಿದ್ದು, ಬ್ರಿಟನ್ನಿನ ಮನೆ ಮಾತು, ಅಲ್ಲಿನ ಹಳೇ ಮನೆಗಳಲ್ಲಿ ಚಿಕ್ಕ ಚಿಕ್ಕ ರೂಮು ಇರತ್ತೆ, ನಡುವಿನ ಗೋಡೆ ಒಡೆದು ಎರಡು ರೂಮನ್ನ ಒಂದು ಮಾಡೋದು ತುಂಬಾ ಸಾಮಾನ್ಯ, ಅದಕ್ಕೇ ಒಂದು ಪದ ನಿಂತುಬಿಟ್ಟಿದೆ.

ಒಂದು ಸೇತುವೆಯ ಕಥೇಲಿ ಇಷ್ಟನ್ನೂ ನೋಡಿ

ಲಂಡನ್ನಿನ ಥೇಮ್ಸ್ ನದಿ ಮೇಲೆ 1209ರಲ್ಲಿ ಮುಗಿದ ಕಲ್ಲಿನ ಸೇತುವೆ ಆರು ನೂರು ವರ್ಷ ನಿಂತಿತ್ತು. ಅದರ ಮೇಲೆ ಜನ ಮನೆ ಅಂಗಡಿಗಳನ್ನೇ ಕಟ್ಟಿದ್ರು, ‘ದೇ ಪುಟ್ ಅಪ್ ಹೌಸಸ್’. ಗಾಡಿ ಓಡಾಟ ಜಾಸ್ತಿ ಆಗಿ 1750ರ ನಂತರ ಆ ಮನೆಗಳನ್ನೆಲ್ಲ ತೆಗೆದ್ರು, ‘ದೇ ಪುಲ್ಡ್ ದೆಮ್ ಡೌನ್’. 1831ರಲ್ಲಿ ಪಕ್ಕದಲ್ಲೇ ಗ್ರಾನೈಟಿನ ಹೊಸ ಸೇತುವೆ ಬಂತು, ಹಳೇದನ್ನ ಕೆಡವಿದ್ರು. ಆ ಗ್ರಾನೈಟ್ ಸೇತುವೆ ತನ್ನ ಭಾರಕ್ಕೆ ತಾನೇ ನಿಧಾನವಾಗಿ ಕೆಳಗೆ ಕೂರ್ತಾ ಬಂತು, ಕೊನೆಗೆ 1968ರಲ್ಲಿ ಲಂಡನ್ ನಗರಾಡಳಿತ ಅದನ್ನ ಮಾರಿಬಿಡ್ತು. ಕೊಂಡೋರು ರಾಬರ್ಟ್ ಮೆಕಲಕ್ ಅನ್ನೋ ಅಮೆರಿಕನ್ ಉದ್ಯಮಿ, ಬೆಲೆ 24 ಲಕ್ಷ 60 ಸಾವಿರ ಡಾಲರ್.

ಮುಂದಿನದು ನನಗೆ ತುಂಬಾ ಇಷ್ಟವಾದ ಭಾಗ. ಸೇತುವೆಯನ್ನ ಬಿಚ್ಚಿದ್ರು, ‘ದೇ ಟುಕ್ ಇಟ್ ಅಪಾರ್ಟ್’, ಕಲ್ಲುಗಳಿಗೆ ನಂಬರ್ ಹಾಕಿದ್ರು, ಹಡಗಲ್ಲಿ ಸಾಗಿಸಿ ಅರಿಜೋನಾದ ಲೇಕ್ ಹವಾಸು ಸಿಟಿಗೆ ತಂದು ನಂಬರ್ ಪ್ರಕಾರ ಮತ್ತೆ ಜೋಡಿಸಿದ್ರು, ‘ದೇ ಪುಟ್ ಇಟ್ ಬ್ಯಾಕ್ ಟುಗೆದರ್’. ಒಳಗೆ ಹೊಸ ಕಾಂಕ್ರೀಟ್, ಹೊರಗೆ ಹಳೇ ಗ್ರಾನೈಟಿನ ಹೊದಿಕೆ. ಅಲ್ಲಿ ಆಗ ಸೇತುವೆ ಕೆಳಗೆ ನೀರೇ ಇರಲಿಲ್ಲ, ಒಣನೆಲದ ಮೇಲೆ ನಿಲ್ಲಿಸಿದ್ರು, ಆಮೇಲೆ ಕೆಳಗೆ ಕಾಲುವೆ ತೋಡಿದ್ರು, ಅದರಿಂದ ಕೆರೆಯೊಳಗೆ ಚಾಚಿದ್ದ ನೆಲ ದ್ವೀಪವಾಯ್ತು, ‘ದೇ ಟರ್ನ್ಡ್ ಇಟ್ ಇನ್‌ಟು ಆ್ಯನ್ ಐಲೆಂಡ್’. 1971ರ ಅಕ್ಟೋಬರಲ್ಲಿ ಉದ್ಘಾಟನೆ ಆಯ್ತು, ಇವತ್ತಿಗೂ ಅಲ್ಲೇ ಇದೆ.

‘ಇಟ್’ ಎಲ್ಲಿ ಕೂರಬೇಕು

ಮೇಲಿನ ಕಥೇಲಿ ‘ಪುಲ್ಡ್ ದೆಮ್ ಡೌನ್’ ಅಂತ ಬರೆದೆ, ‘ಪುಲ್ಡ್ ಡೌನ್ ದೆಮ್’ ಅಂತ ಬರೀಲಿಲ್ಲ, ಗಮನಿಸಿರಬಹುದು. ನಿಯಮ ಒಂದೇ. ವಸ್ತುವಿನ ಹೆಸರು ಹೇಳಿದ್ರೆ ಎರಡು ರೀತೀನೂ ಸರಿ, ‘ಪುಲ್ ಡೌನ್ ದ ವಾಲ್’ ಅನ್ನಿ, ‘ಪುಲ್ ದ ವಾಲ್ ಡೌನ್’ ಅನ್ನಿ. ಹೆಸರಿನ ಬದಲು ‘ಇಟ್’, ‘ದೆಮ್’ ಬಂದ್ರೆ ಮಾತ್ರ ಅದು ಮಧ್ಯದಲ್ಲೇ ಕೂರಬೇಕು: ‘ಪುಲ್ ಇಟ್ ಡೌನ್’, ‘ಪುಟ್ ಇಟ್ ಅಪ್’, ‘ಟೇಕ್ ಇಟ್ ಅಪಾರ್ಟ್’. ಕಾರಣ ಒತ್ತಿನಲ್ಲಿದೆ. ವಾಕ್ಯದ ಕೊನೇಲಿ ತೂಕದ ಪದ ಬರೋದು ಇಂಗ್ಲಿಷಿನ ನಡೆ, ‘ಇಟ್’ ಅನ್ನೋದು ಹಳೇ ಸುದ್ದಿ, ತೂಕ ಇಲ್ಲ, ಕೆಲಸದ ಫಲ ಹೇಳೋದು ‘ಡೌನ್’, ಅದಕ್ಕೇ ಕೊನೇ ಜಾಗ ಅದಕ್ಕೆ. ಹೇಳುವಾಗಲೂ ‘ಡೌನ್’ ಮೇಲೆ ಒತ್ತು ಕೊಟ್ಟು ಹೇಳಿ, ‘ಪುಲ್’ ಮೇಲಲ್ಲ.

‘ಡು ಅವೇ ವಿತ್’ ಥರದವುಗಳಲ್ಲಿ ಕೊನೇ ಪುಟ್ಟ ಪದ ಮುಂದೆ ಬರೋ ಹೆಸರಿಗೆ ಅಂಟಿಕೊಂಡಿರತ್ತೆ, ಅಲ್ಲಿ ಈ ಆಟ ಇಲ್ಲ, ‘ಡು ಅವೇ ವಿತ್ ಇಟ್’ ಅಂತಲೇ ಹೇಳಬೇಕು.

ನಮ್ಮೂರಲ್ಲಿ ಆಗಲೇ ಬಂದು ಕೂತಿರೋವು

ಇವು ಅಪರಿಚಿತ ಅಂತ ಹೆದರೋರಿಗೆ ಒಂದು ಮಾತು. ಬೆಂಗಳೂರಿನ ಎಚ್‌ಎಸ್‌ಆರ್ ಲೇಔಟ್, ಬಿಟಿಎಂ ಲೇಔಟ್ ಹೆಸರಲ್ಲಿರೋ ‘ಲೇಔಟ್’ ಬಂದಿದ್ದು ‘ಲೇ ಔಟ್’ ಅನ್ನೋ ಫ್ರೇಸಲ್ ವರ್ಬಿಂದ, ಅಂದ್ರೆ ಸೈಟು ರಸ್ತೆ ಎಲ್ಲ ಅಳತೆ ಪ್ರಕಾರ ಹಾಸಿ ಹಂಚೋದು. ಫ್ಲ್ಯಾಟ್ ಕೊಳ್ಳೋರು ಕೇಳೋ ‘ಬಿಲ್ಟ್ ಅಪ್ ಏರಿಯಾ’ದಲ್ಲಿರೋದು ‘ಬಿಲ್ಡ್ ಅಪ್’. ಜನರೇಟರ್ ಇದ್ದ ಕಡೆ ಎಲೆಕ್ಟ್ರಿಷಿಯನ್ ಹಾಕೋ ‘ಚೇಂಜ್ ಓವರ್’ ಸ್ವಿಚ್, ಪೇಂಟರ್ ಕೊನೇ ದಿನ ಮಾಡಿಕೊಡೋ ‘ಟಚಪ್’, ಬಿಲ್ಡರ್ ಕೊಡೋ ‘ಹ್ಯಾಂಡೋವರ್’, ದಾರೀಲಿ ‘ಬ್ರೇಕ್‌ಡೌನ್’ ಆದ ಬಸ್ಸು. ಇವು ಬಹುಪಾಲು ನಾಮಪದ ಆಗಿಬಿಟ್ಟಿವೆ, ಕನ್ನಡದಲ್ಲಿ ಪಕ್ಕ ಒಂದು ‘ಆಯ್ತು’ ‘ಮಾಡು’ ಸೇರಿಸ್ಕೊಂಡು ಬಳಸ್ತೀವಿ. ಬರೆಯುವಾಗ ಒಂದು ವ್ಯತ್ಯಾಸ: ಇಂಗ್ಲಿಷಲ್ಲಿ ಕೆಲಸ ಆದ್ರೆ ಎರಡು ಪದ ಬಿಡಿಸಿ ಬರೀಬೇಕು, ಹೆಸರಾದ್ರೆ ಕೂಡಿಸಿಯೋ ನಡುವೆ ಗೆರೆ ಹಾಕಿಯೋ ಬರೀಬೇಕು, ಆಗ ಒತ್ತೂ ಮೊದಲ ಪದಕ್ಕೆ ಹೋಗತ್ತೆ.

ಎಚ್ಚರ ಬೇಕಾದ ಕೆಲವು

‘ನಾಕ್ ಅಪ್’ ಅಂದ್ರೆ ಬ್ರಿಟನ್ನಿನಲ್ಲಿ ಕೈಗೆ ಸಿಕ್ಕಿದ್ದರಲ್ಲಿ ಬೇಗ ಏನಾದ್ರೂ ಮಾಡಿಕೊಡೋದು, ಒಂದು ಶೆಲ್ಫೋ ಊಟವೋ. ಅಮೆರಿಕದಲ್ಲಿ ಅದು ಹೆಣ್ಣನ್ನ ಬಸಿರು ಮಾಡೋದಕ್ಕೆ ಇರೋ ಒರಟು ಮಾತು, ಅಲ್ಲಿ ಬಳಸಲೇಬೇಡಿ. ‘ಬ್ಲೋ ಅಪ್’ ಅಂದ್ರೆ ಸ್ಫೋಟಿಸೋದೂ ಹೌದು, ಟ್ಯೂಬಿಗೆ ಗಾಳಿ ತುಂಬೋದೂ ಹೌದು, ಫೋಟೋ ದೊಡ್ಡದು ಮಾಡೋದೂ ಹೌದು, ಪಕ್ಕದ ಪದ ನೋಡಿಯೇ ಹೇಳಬೇಕು. ‘ಫಿಲ್ ಅಪ್’ ನಾವು ಅರ್ಜಿ ಫಾರಂಗೂ ಹೇಳ್ತೀವಿ, ಅವರು ಟ್ಯಾಂಕಿಗೆ ‘ಫಿಲ್ ಅಪ್’, ಫಾರಂಗೆ ‘ಫಿಲ್ ಇನ್’ ಅಥವಾ ‘ಫಿಲ್ ಔಟ್’ ಅಂತಾರೆ. ‘ಸೆಟ್ ಅಪ್’ ಮತ್ತು ‘ಅಪ್‌ಸೆಟ್’ ಇನ್ನೊಂದು ಜೋಡಿ. ಪುಟ್ಟ ಪದ ಕೊನೇಲಿ ಬಂದ್ರೆ ಸ್ಥಾಪಿಸು, ಮೊದಲಲ್ಲಿ ಬಂದ್ರೆ ಉರುಳಿಸು, ಬೇಸರ ಮಾಡು. ಆರು ನೂರು ವರ್ಷದ ಹಿಂದೆ ‘ಅಪ್‌ಸೆಟ್’ಗೂ ನಿಲ್ಲಿಸು ಅಂತಲೇ ಅರ್ಥ ಇತ್ತು, ಕಾಲಕ್ರಮೇಣ ತಿರುಗಿ ನಿಂತಿದೆ.

ಕಟ್ಟಡದ ಮಾತು ಬದುಕಿಗೆ ಬರೋದು ಎರಡೂ ಭಾಷೇಲಿ ಇದೆ. ಸಂಧಾನ ನಿಂತುಹೋದ್ರೆ ಅವರು ‘ದ ಟಾಕ್ಸ್ ಬ್ರೋಕ್ ಡೌನ್’ ಅಂತಾರೆ, ನಾವು ‘ಮಾತುಕತೆ ಮುರಿದುಬಿತ್ತು’ ಅಂತೀವಿ. ಗಂಡ ಹೆಂಡತಿ ಜಗಳ ಸರಿ ಮಾಡ್ಕೊಂಡ್ರೆ ‘ಪ್ಯಾಚ್ ಅಪ್’. ‘ಪೇಪರ್ ಓವರ್ ದ ಕ್ರ್ಯಾಕ್ಸ್’ ಅನ್ನೋದು ಮಾತ್ರ ನಮ್ಮ ಮನೆಗಳಿಂದ ತಿಳಿಯಲ್ಲ, ಅವರ ಗೋಡೆಗಳಿಗೆ ವಾಲ್‌ಪೇಪರ್ ಅಂಟಿಸೋ ರೂಢಿ ಹಳೇದು, ಬಿರುಕು ಬಿಟ್ಟ ಗೋಡೆಯನ್ನ ರಿಪೇರಿ ಮಾಡದೆ ಮೇಲೆ ಹೊಸ ಪೇಪರ್ ಅಂಟಿಸಿದ್ರೆ ಬಿರುಕು ಕಾಣಲ್ಲ, ಒಳಗೆ ಹಾಗೇ ಇರತ್ತೆ. ಕಂಪನೀಲೋ ಸಂಸಾರದಲ್ಲೋ ತೊಂದರೆ ಬಗೆಹರಿಸದೆ ಮೇಲೆ ಮೇಲೆ ಚೆನ್ನಾಗಿ ಕಾಣೋ ಹಾಗೆ ಮಾಡಿದಾಗ ಇದನ್ನ ಹೇಳ್ತಾರೆ.